ಕೊನೆಯ ಪೆಟ್ಟಿಗೆಯ ಮಣ್ಣು

ನೆಲ ಕೊರೆದು ಕೋರ್, ಅಂದರೆ ಕಲ್ಲಿನ ಉದ್ದ ಕಂಬಿ, ತೆಗೆಯುವ ಕೆಲಸದಲ್ಲಿ ಎಲ್ಲರ ಕಣ್ಣೂ ಅದಿರಿನ ಮೇಲೆ. ಅದಿರಿನ ಪಟ್ಟಿ ದಾಟಿತೆಂದರೆ ಆಮೇಲೆ ಮೇಲೆ ಬಂದ ಕಲ್ಲನ್ನು ಕೇಳುವವರಿಲ್ಲ. ಚಿನ್ನದ ಗಣಿಯ ಸೀಮೆಯಲ್ಲಿ ಕೋರ್ ಪೆಟ್ಟಿಗೆಗಳ ಮೇಲೆ ಬೋರಿನ ನಂಬರು, ಆಳ ಬರೆಯುತ್ತಲೇ ನೌಕರಿ ಮುಗಿಸಿದವನು ನಾನು. ಗ್ರೀನ್‌ಲ್ಯಾಂಡಿನ ಕ್ಯಾಂಪ್ ಸೆಂಚುರಿಯಲ್ಲಿ ಕೊರೆದು ತೆಗೆದ 1,387 ಮೀಟರ್ ಹಿಮದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನನ್ನ ಕುತೂಹಲವೆಲ್ಲ ಅದರಡಿ ಸಿಕ್ಕ ಸುಮಾರು ಮೂರೂವರೆ ಮೀಟರ್ ಮಣ್ಣಿನದು.

ಕ್ಯಾಂಪ್ ಸೆಂಚುರಿ ಅಮೆರಿಕದ ಸೇನೆ ಕಟ್ಟಿದ್ದು. 1959ರಲ್ಲಿ, ವಾಯವ್ಯ ಗ್ರೀನ್‌ಲ್ಯಾಂಡಿನ ಥೂಲೆ ವಾಯುನೆಲೆಯಿಂದ ಸುಮಾರು 240 ಕಿ.ಮೀ. ಒಳಗೆ, ಹಿಮ ಕತ್ತರಿಸುವ ಯಂತ್ರಗಳಿಂದ ಉದ್ದುದ್ದ ಕಂದಕ ತೋಡಿ, ಮೇಲೆ ಉಕ್ಕಿನ ಕಮಾನು ಮುಚ್ಚಿ, ಅದರ ಮೇಲೆ ಮತ್ತೆ ಹಿಮ ಸುರಿದರು. ಒಳಗೆ ಇನ್ನೂರು ಜನ ಇರುವಷ್ಟು ವಸತಿ, ಊಟದ ಮನೆ, ವಿದ್ಯುತ್ತಿಗೆ ಒಂದು ಪುಟ್ಟ ಪರಮಾಣು ಸ್ಥಾವರ. ಲೋಕಕ್ಕೆ ಹೇಳಿದ್ದು ವಿಜ್ಞಾನದ ಶಿಬಿರ ಎಂದು. ಒಳಗಿನ ಯೋಜನೆ ಬೇರೆ: ಹಿಮದಡಿ ಸುರಂಗಗಳಲ್ಲಿ 600 ಕ್ಷಿಪಣಿಗಳನ್ನು ಬಚ್ಚಿಡಬಹುದೇ ಎಂಬ ಲೆಕ್ಕಾಚಾರ. ‘ಐಸ್‌ವರ್ಮ್’ ಎಂಬ ಈ ಯೋಜನೆ ಬಯಲಾದದ್ದು 1990ರ ದಶಕದಲ್ಲಿ. ಆದರೆ ಹಿಮ ಸುಮ್ಮನೆ ಕೂರುವ ವಸ್ತುವಲ್ಲ, ನಿಧಾನವಾಗಿ ಹರಿಯುತ್ತದೆ. ಸುರಂಗದ ಗೋಡೆಗಳು ಒಳಕ್ಕೆ ಒತ್ತಿಕೊಂಡು ಬಂದವು. ಸೈನಿಕರಿಗೆ ಅವನ್ನು ಕೆತ್ತುವುದೇ ಕೆಲಸವಾಯಿತು. 1963ರಲ್ಲಿ ಸ್ಥಾವರ ನಿಲ್ಲಿಸಿದರು, ಕೆಲವೇ ವರ್ಷಗಳಲ್ಲಿ ಶಿಬಿರವನ್ನೂ ಬಿಟ್ಟು ಹೋದರು. ತೋರಿಕೆಗೆಂದು ಇಟ್ಟುಕೊಂಡ ವಿಜ್ಞಾನವೇ ಕೊನೆಗೆ ಬಾಳಿಕೆ ಬಂತು.

ಕೊರೆತದ ಮೇಸ್ತ್ರಿ ಲೈಲ್ ಹ್ಯಾನ್ಸೆನ್ ಎಂಬ ಎಂಜಿನಿಯರ್. ಮೊದಲು ಕಾದ ಬಳೆಯಿಂದ ಹಿಮವನ್ನು ಸುತ್ತಲೂ ಕರಗಿಸುತ್ತಾ ಇಳಿಯುವ ಡ್ರಿಲ್ ಬಳಸಿದರು. ಅದರ ಕೈಯಲ್ಲಿ ಆಗುವಷ್ಟು ಆಯಿತು. ಆಮೇಲೆ ತೈಲಬಾವಿ ಕೊರೆಯುವ ವಿದ್ಯುತ್ ಡ್ರಿಲ್ಲೊಂದನ್ನು ತಂದು ತಿದ್ದಿಕೊಂಡರು. ನಮ್ಮ ರಿಗ್‌ಗಳಂತೆ ರಾಡಿಗೆ ರಾಡು ಜೋಡಿಸುವ ಗೋಜಿಲ್ಲ. ಇಡೀ ಯಂತ್ರವೇ ಕೇಬಲ್ಲಿನಲ್ಲಿ ನೇತಾಡಿಕೊಂಡು ಕೆಳಗಿಳಿಯುತ್ತದೆ. ಬಂಡೆಯಲ್ಲಿ ಬೋರ್ ಹಾಕಿದರೆ ತೂತು ತೂತಾಗಿಯೇ ಉಳಿಯುತ್ತದೆ. ಹಿಮದಲ್ಲಿ ಹಾಗಲ್ಲ, ಮೇಲಿನ ಭಾರಕ್ಕೆ ಮುಚ್ಚಿಕೊಳ್ಳುತ್ತದೆ. ಅದಕ್ಕೆಂದು ಡೀಸೆಲ್ಲಿಗೆ ಟ್ರೈಕ್ಲೋರೋಎಥಿಲೀನ್ ಬೆರೆಸಿ, ಹಿಮದಷ್ಟೇ ಸಾಂದ್ರತೆ ಬರುವಂತೆ ಮಾಡಿ ಬೋರಿನೊಳಗೆ ತುಂಬಿದರು. ವರ್ಷಗಟ್ಟಲೆ ಹೆಣಗಾಡಿ 1966ರ ಜುಲೈನಲ್ಲಿ ತಳ ಮುಟ್ಟಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಹಿಮಕ್ಕೆ ಹೊಂದಿಸಿದ ಡ್ರಿಲ್ ಬಿಟ್ ಕಲ್ಲು ಮಣ್ಣಿಗೆ ತಾಗಿದ ಮೇಲೆ ಯಾವ ಡ್ರಿಲ್ಲರನಾದರೂ ಇನ್ನು ಸಾಕು ಎನ್ನುತ್ತಾನೆ. ಇವರು ಹೆಪ್ಪುಗಟ್ಟಿದ ಆ ಮಣ್ಣಿನಲ್ಲೂ ಇಳಿದರು. ಎರಡು ವರ್ಷದ ಮೇಲೆ ಇದೇ ಡ್ರಿಲ್ ಅಂಟಾರ್ಕ್ಟಿಕಾದ ಬರ್ಡ್ ನೆಲೆಯಲ್ಲಿ 2,164 ಮೀಟರ್ ಇಳಿಯಿತು. ಅಲ್ಲಿ ತಳದಲ್ಲಿ ನೀರು ಎದ್ದಿತು, ಮುಂದಿನ ಋತುವಿನಲ್ಲಿ ಡ್ರಿಲ್ಲೇ ಬೋರಿನಲ್ಲಿ ಸಿಕ್ಕಿಬಿತ್ತು. ಮೇಲೆ ಬರಲೇ ಇಲ್ಲ. ಕೋರ್ ಕೆಲಸ ಮಾಡಿದವರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಂಪ್ ಸೆಂಚುರಿಯ ಹಿಮಕ್ಕೆ ಓದುಗ ಬೇಗ ಸಿಕ್ಕಿದ. ಕೋಪನ್‌ಹೇಗನ್ನಿನ ವಿಲ್ಲಿ ಡಾನ್ಸ್‌ಗಾರ್ಡ್ 1952ರಲ್ಲಿ ತಮ್ಮ ಮನೆಯ ಹುಲ್ಲುಹಾಸಿನ ಮೇಲೆ ಖಾಲಿ ಬಿಯರ್ ಬಾಟಲಿಗೆ ಆಲಿಕೆ ಸಿಕ್ಕಿಸಿ ಮಳೆನೀರು ಹಿಡಿದವರು. ನೀರಿನಲ್ಲಿ ಭಾರದ ಆಮ್ಲಜನಕ ಎಷ್ಟಿದೆ ಎಂಬುದು ಚಳಿ ಸೆಕೆಗೆ ತಕ್ಕಂತೆ ಬದಲಾಗುತ್ತದೆ: ಚಳಿ ಹೆಚ್ಚಿದಷ್ಟೂ ಬಿದ್ದ ಹಿಮದಲ್ಲಿ ಅದು ಕಡಿಮೆ. ಕೋರಿನ ಹೊಣೆ ಹೊತ್ತಿದ್ದ ಚೆಸ್ಟರ್ ಲ್ಯಾಂಗ್ವೇ ಜೊತೆ ಸೇರಿ ಅವರು ತಳದವರೆಗೂ ಅಳೆದರು. 1969ರಲ್ಲಿ ಒಂದು ಲಕ್ಷ ವರ್ಷಗಳ ಹವೆಯ ಚರಿತ್ರೆ ಅಚ್ಚಾಯಿತು. ಹಿಮಯುಗ ಎಲ್ಲಿ ಮುಗಿಯಿತು ಎಂಬುದು ನಕ್ಷೆಯ ಗೆರೆಯಲ್ಲೇ ಕಾಣುತ್ತಿತ್ತು.

ಮಣ್ಣಿನ ಪಾಡು ಬೇರೆ. ಒಬ್ಬಿಬ್ಬರು ಇಣುಕಿ ನೋಡಿದರು, ಅಷ್ಟೇ. ಸೇನೆಯ ಪ್ರಯೋಗಾಲಯದಿಂದ ಬಫಲೋ ವಿಶ್ವವಿದ್ಯಾಲಯಕ್ಕೆ, 1990ರ ದಶಕದಲ್ಲಿ ಅಲ್ಲಿಂದ ಕೋಪನ್‌ಹೇಗನ್ನಿನ ಫ್ರೀಜರಿಗೆ ಹೋಯಿತು. ಆಮೇಲೆ ಅದು ಎಲ್ಲಿದೆ ಎಂಬುದೇ ಮರೆತುಹೋಯಿತು. ಫ್ರೀಜರ್ ಬದಲಾಯಿಸುವ ಗಡಿಬಿಡಿಯಲ್ಲಿ, 2017ರ ಹೊತ್ತಿಗೆ, ಬಿಸ್ಕತ್ತು ತುಂಬಿಡುವಂಥ ಗಾಜಿನ ಜಾಡಿಗಳು ಕಣ್ಣಿಗೆ ಬಿದ್ದವು. ಮೇಲೆ ‘ಕ್ಯಾಂಪ್ ಸೆಂಚುರಿ ಸಬ್-ಐಸ್’ ಎಂಬ ಚೀಟಿ. ಆ ಚೀಟಿ ಬರೆದವನ ಹೆಸರು ಯಾವ ಪ್ರಬಂಧದಲ್ಲೂ ನಾನು ಕಂಡಿಲ್ಲ. ಚೀಟಿ ಇಲ್ಲದ ಜಾಡಿಯಾಗಿದ್ದರೆ ಕಸದ ಬುಟ್ಟಿ ಸೇರುತ್ತಿತ್ತು, ಇದನ್ನು ಮಾತ್ರ ನಾನು ಅನುಭವದಿಂದ ಹೇಳಬಲ್ಲೆ.

ವರ್ಮಾಂಟ್ ವಿಶ್ವವಿದ್ಯಾಲಯದ ಪಾಲ್ ಬಿಯರ್‌ಮನ್, ಆಂಡ್ರ್ಯೂ ಕ್ರೈಸ್ಟ್ ಅವರ ತಂಡ ಆ ಮಣ್ಣನ್ನು ತೊಳೆಯುತ್ತಿದ್ದಾಗ ನೀರಿನ ಮೇಲೆ ಕರಿ ಚುಕ್ಕೆಗಳು ತೇಲಿದವು. ಸೂಕ್ಷ್ಮದರ್ಶಕದಡಿ ಇಟ್ಟರೆ ಕಡ್ಡಿ, ಎಲೆ, ಪಾಚಿ! ಸುಮಾರು 1,400 ಮೀಟರ್ ಹಿಮದಡಿಯಿಂದ ಬಂದ ಮಣ್ಣಿನಲ್ಲಿ ಗಿಡ ಇತ್ತೆಂದರೆ, ಒಂದು ಕಾಲಕ್ಕೆ ಅಲ್ಲಿ ಹಿಮವೇ ಇರಲಿಲ್ಲ ಎಂದಾಯಿತು. ಯಾವ ಕಾಲಕ್ಕೆ? ಅದಕ್ಕೆ ಮರಳೇ ಸಾಕ್ಷಿ. ಹೂತುಹೋದ ಮರಳಿನ ಕಣ ಸುತ್ತಲಿನ ವಿಕಿರಣದಿಂದ ಶಕ್ತಿ ಕೂಡಿಟ್ಟುಕೊಳ್ಳುತ್ತಾ ಹೋಗುತ್ತದೆ. ಬಿಸಿಲು ಬಿದ್ದರೆ ಆ ಖಾತೆ ಸೊನ್ನೆ. ಅದಕ್ಕೇ ಬೆಳಕು ತಾಗದ ಭಾಗವನ್ನು ಕತ್ತಲ ಕೋಣೆಯಲ್ಲಿ ತೆಗೆದು ಅಳೆಯಬೇಕು. ಯೂಟಾದಲ್ಲಿ ಟ್ಯಾಮಿ ರಿಟ್ಟನೌರ್ ಅಳೆದರು. 2023ರಲ್ಲಿ ಉತ್ತರ ಬಂತು: ಮೇಲುಭಾಗದ ಮಣ್ಣು ಕೊನೆಯ ಬಾರಿ ಬಿಸಿಲು ಕಂಡದ್ದು ಸುಮಾರು 4,16,000 ವರ್ಷಗಳ ಹಿಂದೆ, 38,000 ವರ್ಷ ಆಚೀಚೆ. ಆಗ ಕರಗಿದ ಗ್ರೀನ್‌ಲ್ಯಾಂಡಿನ ಹಿಮದಿಂದ ಸಮುದ್ರ ಕಡಿಮೆಯೆಂದರೂ 1.4 ಮೀಟರ್ ಏರಿರಬೇಕು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಆಗ ಹತ್ತು ಲಕ್ಷಕ್ಕೆ ಸುಮಾರು 280 ಭಾಗ. ಈಗ 420 ದಾಟಿದೆ.

ಅದು ಅಂಚಿಗೆ ಹತ್ತಿರದ ಜಾಗ, ನಡುಭಾಗದ ಹಿಮ ಗಟ್ಟಿಯಾಗಿಯೇ ಇದ್ದೀತು ಎಂದು ವಾದಿಸಲು ಇನ್ನೂ ಅವಕಾಶವಿತ್ತು. ಗ್ರೀನ್‌ಲ್ಯಾಂಡಿನ ಮಧ್ಯಭಾಗದಲ್ಲಿ 3,053 ಮೀಟರ್ ಕೊರೆದು 1993ರಲ್ಲಿ ತೆಗೆದಿದ್ದ ಇನ್ನೊಂದು ಕೋರಿನ ತಳದ ಮಣ್ಣನ್ನು ಅದೇ ತಂಡ ಕೇಳಿ ತರಿಸಿಕೊಂಡಿತು. 2024ರಲ್ಲಿ ಪ್ರಕಟವಾದಂತೆ, ಅದರಲ್ಲಿ ಇದ್ದದ್ದು ಗಸಗಸೆ ಜಾತಿಯ ಒಂದು ಬೀಜ, ವಿಲ್ಲೋ ಮೊಗ್ಗಿನ ಸಿಪ್ಪೆ, ಒಂದು ಕೀಟದ ಕಣ್ಣು. ಮೂವತ್ತು ವರ್ಷ ಆ ಡಬ್ಬಿಯಲ್ಲಿ ಗಿಡಮರ ಹುಡುಕಲು ಯಾರೂ ಹೋಗಿರಲಿಲ್ಲ.