ಹೆಳವರ ವಂಶಾವಳಿ

ಊರೂರು ತಿರುಗಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಓದಿ ಹೇಳುವುದು, ಹೊಸದಾಗಿ ಹುಟ್ಟಿದವರ ಹೆಸರನ್ನು ಅದಕ್ಕೆ ಸೇರಿಸುವುದು ಕರ್ನಾಟಕದ ಹೆಳವರ ಕುಲವೃತ್ತಿ. ಚಿತ್ರದುರ್ಗ, ಬಳ್ಳಾರಿ ಸೀಮೆಯೂ ಸೇರಿದಂತೆ ನಾಡಿನ ಮಧ್ಯ ಮತ್ತು ಉತ್ತರ ಭಾಗಗಳಲ್ಲಿ ಇವರ ಸಂಚಾರ ಹೆಚ್ಚು. ಜನನ ಮರಣ ನೋಂದಣಿ ಬರುವ ಮುಂಚೆ ಸಾಮಾನ್ಯ ರೈತನೊಬ್ಬ ತನ್ನ ಮುತ್ತಜ್ಜನ ಅಪ್ಪ ಯಾರೆಂದು ತಿಳಿಯಬೇಕಿದ್ದರೆ ಹೆಳವ ಬರುವ ತನಕ ಕಾಯಬೇಕಿತ್ತು.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಹೆಳವರ ಚಿತ್ರಣವಿದೆ. ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಹೊದ್ದು ಬರುತ್ತಿದ್ದರು. ಮನೆಮನೆಗೂ ಹೋಗಿ ಆ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರನ್ನೂ ಹೇಳುತ್ತಿದ್ದರು. ಕಾಲಿಲ್ಲದವನೊಬ್ಬನಿಗೆ ಬಸವಣ್ಣ ಎತ್ತು, ಗಂಟೆ ಕೊಟ್ಟು ಈ ಕಾಯಕ ಹಚ್ಚಿದನೆಂಬ ಐತಿಹ್ಯವೂ ಉಂಟು. ಅದನ್ನು ಚರಿತ್ರೆಯೆಂದು ಎಣಿಸಲಾಗದು. ಬರವಣಿಗೆ ಹಿಂದೆ ಓಲೆಗರಿ, ತಾಮ್ರಪಟಗಳಲ್ಲಿತ್ತು. ಆಮೇಲೆ ಕಾಗದದ ಹೊತ್ತಗೆಗಳು ಬಂದವು. ಯಾವ ಹಳ್ಳಿ ಯಾರ ಪಾಲಿನದು ಎಂಬುದು ಹೆಳವರ ಮನೆತನಗಳ ನಡುವೆ ಹಂಚಿಕೆಯಾಗಿದ್ದು, ಆ ಹಕ್ಕು ಅಪ್ಪನಿಂದ ಮಗನಿಗೆ ಇಳಿಯುತ್ತದೆ. ಸುಗ್ಗಿ ಮುಗಿದ ಮೇಲೆ, ಕೆಲವು ವರ್ಷಗಳಿಗೊಮ್ಮೆ, ಅವರು ಬರುತ್ತಾರೆ. ದವಸ, ಬಟ್ಟೆ, ಪಾತ್ರೆ, ಅನುಕೂಲವಿದ್ದವರಿಂದ ಕುರಿ ಅಥವಾ ಕರು ಅವರಿಗೆ ಸಲ್ಲುವ ಕೊಡುಗೆ.

ಹೊತ್ತಗೆಯಲ್ಲಿ ಮೂಲಸ್ಥಳ, ಮನೆದೇವರು, ಬೆಡಗು (ಕುಲದೊಳಗಿನ ವಂಶಪಂಗಡ), ವಲಸೆ ಬಂದ ದಾರಿ, ಬಳಿಕ ಗಂಡುಸಂತಾನದ ಹೆಸರುಗಳು ಇರುತ್ತವೆ. ಶೋಧಕನಿಗೆ ಹೆಸರಿಗಿಂತ ಮೊದಲ ಮೂರು ಅಂಶಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಒಂದೇ ವಂಶದಲ್ಲಿ ಈರಣ್ಣ, ತಿಮ್ಮಣ್ಣ, ಮತ್ತೆ ಈರಣ್ಣ ಎಂದು ಹೆಸರುಗಳು ಮರುಕಳಿಸುತ್ತವೆ. ದಾಯಾದಿಗಳ ಮನೆಯಲ್ಲೂ ಅವೇ ಇರುವುದರಿಂದ ಹೆಸರೊಂದನ್ನೇ ನೆಚ್ಚಿದವನು ಇನ್ನೊಬ್ಬರ ಅಜ್ಜನನ್ನು ತನ್ನವನೆಂದುಕೊಳ್ಳುವುದು ಸುಲಭ. ಮನೆದೇವರು ಹಾಗೆ ಮೋಸ ಮಾಡುವುದಿಲ್ಲ. ಊರು ಬಿಟ್ಟು ಎಷ್ಟೇ ತಲೆಮಾರಾದರೂ ಕುಟುಂಬ ಆ ದೇವರ ಒಕ್ಕಲಾಗಿಯೇ ಉಳಿದು ಮುಡಿ ಕೊಡಲು, ಹರಕೆ ತೀರಿಸಲು ಅಲ್ಲಿಗೇ ಹೋಗುತ್ತದೆ. ಮೂಲಸ್ಥಳಕ್ಕೆ ಅದಕ್ಕಿಂತ ಗಟ್ಟಿಯಾದ ಸುಳಿವು ಬೇರೆ ಸಿಗುವುದು ಕಷ್ಟ.

ಸ್ಕಾಟ್ಲೆಂಡಿನಲ್ಲೂ ಹೆಸರಿನ ತೊಡಕು ಇಂಥದೇ. ಅಲ್ಲಿಯೂ ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿಯಿತ್ತು. ಪೂರ್ವಜರ ಶೋಧಕ್ಕೆ ಅಲ್ಲಿನ ಆಧಾರ ಚರ್ಚಿನ ಪ್ಯಾರಿಷ್ ದಾಖಲೆಗಳು. ಉಳಿದವುಗಳಲ್ಲಿ ಅತ್ಯಂತ ಹಳೆಯದಾದ ಎರಲ್ ಊರಿನ ಪುಸ್ತಕ 1553ರದು. 1855ರಲ್ಲಿ ಸರ್ಕಾರಿ ನೋಂದಣಿ ಕಡ್ಡಾಯವಾಯಿತು. 1783ರಿಂದ 1794ರವರೆಗೆ ಪ್ರತಿ ದಾಖಲಾತಿಗೂ ಮೂರು ಪೆನ್ಸ್ ತೆರಿಗೆ ಇದ್ದುದರಿಂದ ಅನೇಕ ಬಡವರು ಮಕ್ಕಳ ಹೆಸರನ್ನೇ ಬರೆಸಲಿಲ್ಲ. ಕೊಡುಗೆಯ ಮೇಲೆ ನಿಂತ ಹೆಳವರ ಹೊತ್ತಗೆಯೂ ಉಳ್ಳವರ ಕಡೆಗೇ ವಾಲಿದ್ದರೆ ಆಶ್ಚರ್ಯವಿಲ್ಲ. ಆದರೆ ಒಂದು ವ್ಯತ್ಯಾಸ ದೊಡ್ಡದು: ಸ್ಕಾಟಿಷ್ ದಾಖಲೆಗಳು ಸಾಮಾನ್ಯವಾಗಿ ತಾಯಿಯನ್ನು ಅವಳ ತವರಿನ ಮನೆತನದ ಹೆಸರಿನೊಂದಿಗೆ ಗುರುತಿಸಿದರೆ, ಹೆಳವರ ಪಟ್ಟಿಯಲ್ಲಿ ಹೆಣ್ಣುಮಕ್ಕಳು ಬಹುಮಟ್ಟಿಗೆ ಇಲ್ಲವೇ ಇಲ್ಲ.

ಕನ್ನಡ ನಾಡಿನ ವಂಶಾವಳಿಗಳನ್ನು ದೊಡ್ಡ ಪ್ರಮಾಣದಲ್ಲಿ ಸಂಗ್ರಹಿಸಿದವನೂ ಒಬ್ಬ ಸ್ಕಾಟಿಷ್ ಅಧಿಕಾರಿಯೇ. ಲೂಯಿಸ್ ದ್ವೀಪದ ಸ್ಟಾರ್ನೊವೆಯವನಾದ ಕಾಲಿನ್ ಮೆಕೆಂಜಿ, ಟಿಪ್ಪು ಮಡಿದ ಬಳಿಕ ಮೈಸೂರು ಸೀಮೆಯ ಮೋಜಣಿ ನಡೆಸಿದ. ಜೊತೆಗೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರ ನೆರವಿನಿಂದ ಊರೂರಿನ ಚರಿತ್ರೆ ಹೇಳುವ ಕೈಫಿಯತ್ತುಗಳನ್ನು ಬರೆಯಿಸಿಕೊಂಡ. ಪಾಳೆಯಗಾರರ ವಂಶಕಥನಗಳು ಹೀಗೆ ಕಾಗದಕ್ಕೆ ಇಳಿದವು. ಚಿತ್ರದುರ್ಗದ ನಾಯಕರ ಬಗೆಗೆ ಎಂ. ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸರು ಮುಂದೆ ಮಾಡಿದ ಕೆಲಸವೂ ಪ್ರಸಿದ್ಧ. ಇವೆಲ್ಲ ಆಳಿದವರ ಕಥೆ. ಉತ್ತವನ ಅಜ್ಜನನ್ನು ಹುಡುಕುವವನಿಗೆ ಇವುಗಳಿಂದ ದೊರೆಯುವುದು ಕಡಿಮೆ.

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನಲ್ಲಿ ಈ ಹುಡುಕಾಟ ಇನ್ನಷ್ಟು ಜಟಿಲ. 1876–78ರ ಬರಗಾಲ ಮೈಸೂರು ಸಂಸ್ಥಾನದ ಹಳ್ಳಿಗಳನ್ನು ಬರಿದು ಮಾಡಿತು. 1907ರಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಮುಗಿದಾಗ ವೇದಾವತಿ ಕಣಿವೆಯ ಊರುಗಳು ನೀರಿನಡಿ ಸೇರಿ ಒಕ್ಕಲು ಚದುರಿತು. ಗೊಲ್ಲರಹಟ್ಟಿಗಳ ಕಾಡುಗೊಲ್ಲರಂಥ ಪಶುಪಾಲಕರು ಮೊದಲಿನಿಂದಲೂ ಮೇವು ನೀರು ಅರಸಿ ಹೋದವರು; ಅವರಲ್ಲಿ ಬೆಡಗು ಮತ್ತು ದೇವರ ಗುಡಿಕಟ್ಟುಗಳೇ ವಂಶದ ನೆನಪನ್ನು ಹಿಡಿದಿಟ್ಟಿವೆ. ಶಾನುಭೋಗರ ಲೆಕ್ಕದ ಕಡತಗಳಲ್ಲಿ ಜಮೀನು ಯಾರ ಹೆಸರಿನಿಂದ ಯಾರ ಹೆಸರಿಗೆ ಹೋಯಿತೆಂಬುದು ಸಿಗುತ್ತದೆ. ಜಮೀನಿಲ್ಲದವನು ಅಲ್ಲೂ ಇಲ್ಲ. ದೇಶವ್ಯಾಪಿ ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ.

ವಂಶಾವಳಿಗೆ ಕಾನೂನಿನ ಬೆಲೆಯೂ ಇದೆ. ನಂಟಸ್ತಿಕೆಯ ಬಗ್ಗೆ ತಕರಾರು ಹುಟ್ಟುವ ಮೊದಲೇ ಮೃತರು ಕುಟುಂಬದ ವಂಶಾವಳಿಯಲ್ಲೋ ಸಮಾಧಿ ಕಲ್ಲಿನ ಮೇಲೋ ಬರೆಸಿಟ್ಟದ್ದನ್ನು 1872ರ ಸಾಕ್ಷ್ಯ ಕಾಯ್ದೆಯ 32ನೆಯ ಕಲಮು ಪರಿಗಣನೆಗೆ ಯೋಗ್ಯವೆಂದಿತ್ತು. ವ್ಯಾಜ್ಯ ಶುರುವಾದ ಮೇಲೆ ತಿದ್ದಿದ ಪಟ್ಟಿಗೆ ಆ ಮರ್ಯಾದೆ ಇರಲಿಲ್ಲ.

ಹೆಳವರು ಈಗ ಕರ್ನಾಟಕದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿದ್ದಾರೆ. ಇವತ್ತು ಪೌತಿ ಖಾತೆಗೋ ಪಾಲು ವಿಭಾಗಕ್ಕೋ ವಂಶವೃಕ್ಷ ಬೇಕಾದರೆ ಜನ ಹೋಗುವುದು ಹೋಬಳಿಯ ನಾಡಕಚೇರಿಗೆ; ಹಿರಿಯೂರು–ಸಿರಾ ನಡುವಿನ ಹೆದ್ದಾರಿಯಲ್ಲಿರುವ ಜವನಗೊಂಡನಹಳ್ಳಿ ಅಂಥ ಒಂದು ಹೋಬಳಿ ಕೇಂದ್ರ. ಆ ಪತ್ರ ಮೂರು ನಾಲ್ಕು ತಲೆಮಾರಿಗಿಂತ ಹಿಂದಕ್ಕೆ ಹೋಗುವುದು ಅಪರೂಪ. ಆದರೆ ಕರ್ನಾಟಕದಲ್ಲಿ 1994ರಿಂದಲೂ ಇಡೀ ದೇಶದಲ್ಲಿ 2005ರಿಂದಲೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಬಂದಿರುವುದರಿಂದ, ಹೆಳವರ ಹೊತ್ತಗೆ ಬಿಟ್ಟುಬಿಟ್ಟ ಹೆಸರುಗಳನ್ನು ಈ ಪತ್ರದಲ್ಲಿ ಬರೆಯಲೇಬೇಕು.