ಅಲುಗಾಡದೆ ಕೂತವರು

ಚಿರೇಕಲ್ಲಿನ ಗೋಡೆಯೆದುರು ಮನೆಮಂದಿಯೆಲ್ಲ ನಿಂತು ಫೋಟೊ ತೆಗೆಸಿಕೊಳ್ಳುವುದು ಈಗ ಕ್ಷಣದ ಕೆಲಸ. 1860ರ ದಶಕದಲ್ಲಿ ಹಾಗಿರಲಿಲ್ಲ. ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಆರುವ ಮೊದಲೇ ಚಿತ್ರ ಹಿಡಿದು ತೊಳೆಯಬೇಕಿತ್ತು. ಕೂತವರು ಕೆಲವು ಸೆಕೆಂಡು ಅಲುಗುವಂತಿಲ್ಲ. ಕೂಸು ಕೈ ಆಡಿಸಿದರೆ ಅಲ್ಲೊಂದು ಮಸುಕು. ಧಾರವಾಡ, ಮೈಸೂರು ಸೀಮೆಯ ಕಟ್ಟಡಗಳ ಛಾಯಾಚಿತ್ರಗಳು ಮಾತ್ರ 1866ಕ್ಕೇ ಲಂಡನ್ನಿನಲ್ಲಿ ಪುಸ್ತಕವಾದವು. ಕಲ್ಲು ಅಲುಗುವುದಿಲ್ಲವಲ್ಲ!

1888ರಲ್ಲಿ ಅಮೆರಿಕದ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾ ಮಾರಾಟಕ್ಕಿಟ್ಟ. ಬೆಲೆ 25 ಡಾಲರ್. ಒಂದು ಸುರುಳಿಯಲ್ಲಿ 100 ದುಂಡು ಚಿತ್ರ. ಮುಗಿದರೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳಿಸಬೇಕಿತ್ತು. ಮನೆಯವರೇ ಮನೆಯವರ ಫೋಟೊ ತೆಗೆಯುವ ರೂಢಿ ಹಬ್ಬಿದ್ದು ಆಮೇಲೆ.

ನಿಮ್ಮ ಮನೆಯ ಜಗಲಿಯಲ್ಲಿ ಅಂಥದೊಂದು ಹಳೆಯ ಪಟವಿದ್ದರೆ ಮಳೆಗಾಲದಲ್ಲಿ ತೇವದ ಗೋಡೆಯಿಂದ ಇಳಿಸಿಡಿ.