ಯೆಲ್ಲೋಸ್ಟೋನ್ ಸರೋವರದ ಲೇಕ್ ಟ್ರೌಟ್: ಒಂದು ಅಕ್ರಮ ಪ್ರವೇಶದ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದ ವಯೋಮಿಂಗ್ ರಾಜ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,357 ಮೀ. ಎತ್ತರದಲ್ಲಿರುವ ಯೆಲ್ಲೋಸ್ಟೋನ್ ಸರೋವರಕ್ಕೆ ಅನುಮತಿಯಿಲ್ಲದೆ ಸೇರಿಕೊಂಡ ಲೇಕ್ ಟ್ರೌಟ್ ಎಂಬ ಪರಭಕ್ಷಕ ಮೀನು, ಅಲ್ಲಿನ ಮೂಲನಿವಾಸಿ ಕಟ್‌ತ್ರೋಟ್ ಟ್ರೌಟನ್ನೂ ಅದನ್ನು ನೆಚ್ಚಿದ ಪ್ರಾಣಿಪಕ್ಷಿಗಳನ್ನೂ ಸಂಕಷ್ಟಕ್ಕೆ ಈಡುಮಾಡಿತು. ಈ ಮೀನು ಎಲ್ಲಿಂದ, ಎಂದು, ಹೇಗೆ ಬಂತೆಂಬುದು ಪತ್ತೆಯಾದ ಮೇಲೂ ಒಂದು ದಶಕದವರೆಗೆ ತೀರ್ಮಾನವಾಗದೆ ಉಳಿದಿತ್ತು.

ಈ ಸರೋವರವನ್ನು ಒಳಗೊಂಡ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನ 1872ರಲ್ಲಿ ಸ್ಥಾಪನೆಯಾದಾಗ ಸರೋವರದಲ್ಲಿದ್ದ ಮೀನುಗಳು ಕಟ್‌ತ್ರೋಟ್ ಮತ್ತು ಲಾಂಗ್‌ನೋಸ್ ಡೇಸ್ ಎಂಬ ಎರಡೇ ಜಾತಿಯವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಇಲ್ಲಿನ ಮೀನುಮರಿ ಉತ್ಪಾದನಾ ಕೇಂದ್ರಗಳು 80 ಕೋಟಿಗೂ ಹೆಚ್ಚು ಕಟ್‌ತ್ರೋಟ್ ಮೊಟ್ಟೆಗಳನ್ನು ಸಂಗ್ರಹಿಸಿದವು. ಈ ಸಂಗ್ರಹವೂ ಮಿತಿಮೀರಿದ ಗಾಳ ಬೇಟೆಯೂ ಸಂತತಿಯನ್ನು ತಗ್ಗಿಸಿದ್ದರಿಂದ ನಿಯಮಗಳು ಬಿಗಿಯಾದವು, ಜನಪ್ರಿಯ ಮೀನುಗಾರಿಕೆಯ ತಾಣವಾಗಿದ್ದ ಫಿಶಿಂಗ್ ಬ್ರಿಜ್‌ನಲ್ಲಿ ಗಾಳ ಹಾಕುವುದು 1973ರಲ್ಲಿ ನಿಷೇಧವಾಯಿತು, ಸಂತತಿ ಚೇತರಿಸಿಕೊಂಡಿತು. ಮುಂದೆ ಕೇಡಿಗೆ ಕಾರಣವಾದ ಲೇಕ್ ಟ್ರೌಟ್ ಈ ನಡುವೆ ಉದ್ಯಾನದ ಬೇರೊಂದು ಭಾಗದಲ್ಲಿ ನೆಲೆಯೂರಿತ್ತು. ಮೀನುಗಳೇ ಇಲ್ಲದಿದ್ದ ಲೂಯಿಸ್ ಮತ್ತು ಶೊಶೋನ್ ಸರೋವರಗಳಿಗೆ ಅದನ್ನು 1890ರಲ್ಲಿ ಸರ್ಕಾರಿ ಮೀನುಗಾರಿಕೆ ಆಯೋಗವೇ ಬಿಟ್ಟಿತ್ತು.

1994ರ ಜುಲೈ ತಿಂಗಳ ಕೊನೆಯಲ್ಲಿ ಯೆಲ್ಲೋಸ್ಟೋನ್ ಸರೋವರದಲ್ಲಿ ಗಾಳಕ್ಕೆ ಬಿದ್ದ ಒಂದು ಮೀನು ಲೇಕ್ ಟ್ರೌಟ್ ಎಂದು ಖಚಿತವಾದಾಗ ಮೂರು ಊಹೆಗಳು ಮುಂದೆ ಬಂದವು. ಲೂಯಿಸ್ ಸರೋವರದ ನೀರು ಪೆಸಿಫಿಕ್ ಸಾಗರದತ್ತ ಹರಿದರೆ ಯೆಲ್ಲೋಸ್ಟೋನ್ ಸರೋವರದ ನೀರು ಅಟ್ಲಾಂಟಿಕ್‌ನತ್ತ ಹರಿಯುತ್ತದೆ. ಆದರೂ ಎರಡು ಜಲಾನಯನಗಳ ನಡುವಣ ಟೂ ಓಶನ್ ಪಾಸ್ ಎಂಬ ಕಣಿವೆದಾರಿಯಲ್ಲಿ ಒಂದೇ ತೊರೆ ಕವಲೊಡೆದು ಎರಡೂ ಕಡೆಗೆ ಹರಿಯುವುದರಿಂದ, ಹಿಂದೆ ಕಟ್‌ತ್ರೋಟ್ ಬಂದಂತೆಯೇ ಇದೂ ಆ ದಾರಿಯಲ್ಲಿ ತಾನಾಗಿ ಬಂದಿರಬಹುದು ಎಂಬುದು ಮೊದಲ ಊಹೆ. 1988ರ ಭಾರಿ ಕಾಡ್ಗಿಚ್ಚಿನ ವೇಳೆ ಹೆಲಿಕಾಪ್ಟರ್‌ಗಳು ನೀರೆತ್ತಿದ ಬಕೆಟ್‌ಗಳಲ್ಲಿ ಮೀನು ಸಾಗಿತು ಎಂಬುದು ಎರಡನೆಯದು. ಯಾರೋ ಬೇಕೆಂದೇ ತಂದು ಬಿಟ್ಟರು ಎಂಬುದು ಮೂರನೆಯದು.

ಈ ಗೊಂದಲಕ್ಕೆ ಉತ್ತರ ಮೀನಿನ ತಲೆಯೊಳಗೇ ಸಿಕ್ಕಿತು. ಆಟೊಲಿತ್ ಎಂದು ಕರೆಯುವ ಕಿವಿಗಲ್ಲು ವರ್ಷವರ್ಷವೂ ಪದರ ಪದರವಾಗಿ ಬೆಳೆಯುತ್ತದೆ, ಮೀನು ಆಯಾ ಕಾಲದಲ್ಲಿ ವಾಸಿಸಿದ ನೀರಿನ ರಾಸಾಯನಿಕ ಗುರುತು ಆಯಾ ಪದರದಲ್ಲಿ ಉಳಿಯುತ್ತದೆ. ಆಂಡ್ರ್ಯೂ ಮನ್ರೋ, ಥಾಮಸ್ ಮ್ಯಾಕ್‌ಮಹೊನ್ ಮತ್ತು ಜೇಮ್ಸ್ ರುಜಿಕಿ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಯಸ್ಸಾದ ಮೀನುಗಳ ಕಿವಿಗಲ್ಲಿನ ಒಳಪದರಗಳಲ್ಲಿ ಲೂಯಿಸ್ ಸರೋವರದ ಗುರುತೂ ಹೊರಪದರಗಳಲ್ಲಿ ಯೆಲ್ಲೋಸ್ಟೋನ್ ಸರೋವರದ ಗುರುತೂ ಇದ್ದವು. ಗುರುತು ಬದಲಾಗುವ ಪದರದಿಂದ ಅಂಚಿನವರೆಗೆ ಎಣಿಸಿದಾಗ ಸ್ಥಳಾಂತರ 1980ರ ದಶಕದ ಮಧ್ಯದಿಂದ ಕೊನೆಯ ಭಾಗದಲ್ಲಿ ನಡೆದಿರುವುದು ಕಂಡುಬಂತು. ಬೇಸಿಗೆಯಲ್ಲಿ ತಣ್ಣನೆಯ ಆಳಕ್ಕೆ ಇಳಿದಿರುವ ಈ ಮೀನು ಮೇಲ್ಮೈಯಿಂದ ನೀರೆತ್ತುವ ಬಕೆಟ್‌ಗೆ ಸಿಗುವುದು ಅಸಂಭವವಾದ್ದರಿಂದ ಅಕ್ರಮ ಸಾಗಣೆಯ ವಾದವೇ ಬಲವಾಯಿತು. ತಂದು ಬಿಟ್ಟವರು ಯಾರೆಂಬುದು ಮಾತ್ರ ಗೊತ್ತಾಗಿಲ್ಲ.

ಕಟ್‌ತ್ರೋಟ್‌ನ ಕುಸಿತದಲ್ಲಿ ಯಾವ ಕಾರಣದ ಪಾಲು ಎಷ್ಟು ಎಂಬುದು ಎರಡನೆಯ ಚರ್ಚೆ. ಕ್ಲಿಯರ್ ಕ್ರೀಕ್ ಎಂಬ ತೊರೆಗೆ ಮೊಟ್ಟೆಯಿಡಲು ಏರಿದ ಕಟ್‌ತ್ರೋಟ್‌ಗಳು 1978ರಲ್ಲಿ 70,000ಕ್ಕೂ ಹೆಚ್ಚಿದ್ದರೆ 2007ರ ವೇಳೆಗೆ ಸುಮಾರು 500ಕ್ಕೆ ಇಳಿದಿದ್ದವು. ಒಂದು ಲೇಕ್ ಟ್ರೌಟ್ ವರ್ಷಕ್ಕೆ ಸರಾಸರಿ 41 ಕಟ್‌ತ್ರೋಟ್‌ಗಳನ್ನು ತಿನ್ನುತ್ತದೆಂಬ ಅಂದಾಜು ಪರಭಕ್ಷಣೆಯತ್ತ ಬೊಟ್ಟು ಮಾಡಿದರೂ, ಮರಿಮೀನಿನ ಮೃದ್ವಸ್ಥಿಗೆ ತಗುಲಿ ಅದು ಗಿರಗಿರನೆ ಸುತ್ತುವಂತೆ ಮಾಡುವ ಸುತ್ತುರೋಗವು 1998ರಲ್ಲಿ ಸರೋವರದಲ್ಲಿ ಪತ್ತೆಯಾಗಿ, ಪೆಲಿಕನ್ ಕ್ರೀಕ್‌ನ ಸಂತತಿಯನ್ನು ಬಹುಪಾಲು ಅಳಿಸಿತು. ಅದೇ ಕಾಲದ ಬರಗಾಲದಿಂದ ತೊರೆಗಳೂ ಬತ್ತಿದವು.

ಆಳದಲ್ಲೇ ಇದ್ದು ಸರೋವರದೊಳಗೇ ಮೊಟ್ಟೆಯಿಡುವ ಲೇಕ್ ಟ್ರೌಟ್, ತೊರೆಯ ತೆಳುನೀರಿಗೆ ಬರುವ ಕಟ್‌ತ್ರೋಟ್‌ನ ಸ್ಥಾನವನ್ನು ಆಹಾರಸರಪಳಿಯಲ್ಲಿ ತುಂಬಲಾರದು. ಗ್ರಿಜ್ಲಿ ಕರಡಿಗಳು ತೊರೆಗಳನ್ನು ಬಿಟ್ಟು ಎಲ್ಕ್ ಜಿಂಕೆಯ ಮರಿಗಳತ್ತ ಹೆಚ್ಚು ತಿರುಗಿದವು. ಆಸ್ಪ್ರೆ ಎಂಬ ಮೀನುಡೇಗೆಯ ಗೂಡುಗಳು 1980ರ ದಶಕದ ಕೊನೆಯಲ್ಲಿ ಸುಮಾರು 38 ಇದ್ದವು, ಮೂರು ದಶಕಗಳಲ್ಲಿ ಸುಮಾರು 3ಕ್ಕೆ ಇಳಿದವು. ಕಟ್‌ತ್ರೋಟ್ ತಿನ್ನುತ್ತಿದ್ದ ದೊಡ್ಡ ಗಾತ್ರದ ಪ್ರಾಣಿಪ್ಲವಕಗಳು, ಎಂದರೆ ನೀರಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳು, ಹೆಚ್ಚಿ ಸಸ್ಯಪ್ಲವಕಗಳನ್ನು ಮೇಯತೊಡಗಿದ್ದರಿಂದ ನೀರು ಮೊದಲಿಗಿಂತ ತಿಳಿಯಾಯಿತು.

ನಿಯಂತ್ರಣ ಕಾರ್ಯ ಪತ್ತೆಯ ಬೆನ್ನಲ್ಲೇ, ಕಿವಿರು ಸಿಕ್ಕಿಕೊಂಡು ಮೀನು ಬೀಳುವ ಗಿಲ್‌ನೆಟ್ ಬಲೆಗಳಿಂದ ಆರಂಭವಾಯಿತು. 2001ರಿಂದ ಗಾಳಗಾರರು ಹಿಡಿದ ಕಟ್‌ತ್ರೋಟನ್ನು ಮರಳಿ ನೀರಿಗೆ ಬಿಡುವುದು ಕಡ್ಡಾಯವಾಯಿತು; ಸಿಕ್ಕ ಲೇಕ್ ಟ್ರೌಟನ್ನು ಕೊಲ್ಲುವುದೂ ಕಡ್ಡಾಯ. ಬಲೆಯ ಪ್ರಮಾಣ ಸಾಲದೆಂದು 2008ರಲ್ಲಿ ವಿಜ್ಞಾನಿಗಳ ಸಮಿತಿ ಸೂಚಿಸಿದ ಮೇಲೆ ಮುಂದಿನ ವರ್ಷದಿಂದ ವೃತ್ತಿಪರ ಮೀನುಗಾರರನ್ನು ಗುತ್ತಿಗೆಗೆ ನೇಮಿಸಲಾಯಿತು. 2017ರ ಒಂದೇ ವರ್ಷದಲ್ಲಿ ಸುಮಾರು 4 ಲಕ್ಷ ಮೀನುಗಳನ್ನು ತೆಗೆಯಲಾಯಿತು. ಶಬ್ದಸಂಕೇತ ಹೊರಡಿಸುವ ಸಾಧನವನ್ನು ಕೆಲವು ಮೀನುಗಳಲ್ಲಿ ಅಳವಡಿಸಿ, ಅವುಗಳ ಜಾಡು ಹಿಡಿದು ಮೊಟ್ಟೆಯಿಡುವ ತಾಣಗಳನ್ನು ಗುರುತಿಸಲಾಗುತ್ತದೆ; ಅಲ್ಲಿ ಸತ್ತ ಲೇಕ್ ಟ್ರೌಟ್‌ಗಳನ್ನೇ ಹರಡಿದರೆ ಅವು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿದು ಭ್ರೂಣಗಳು ಸಾಯುತ್ತವೆ.

ಇದುವರೆಗೆ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್‌ಗಳನ್ನು ತೆಗೆಯಲಾಗಿದ್ದು, 2012ರ ಸುಮಾರಿಗೆ ಶಿಖರ ಮುಟ್ಟಿದ ಅವುಗಳ ಸಂಖ್ಯೆ ಆಮೇಲೆ ಇಳಿಯುತ್ತ ಬಂದಿದೆ, ಕಟ್‌ತ್ರೋಟ್ ಭಾಗಶಃ ಚೇತರಿಸಿಕೊಂಡಿದೆ. ಆದರೂ ಇಷ್ಟು ವಿಶಾಲವೂ ಆಳವೂ ಆದ ಸರೋವರದಿಂದ ಲೇಕ್ ಟ್ರೌಟನ್ನು ನಿರ್ಮೂಲ ಮಾಡುವ ಉಪಾಯ ಇನ್ನೂ ಸಿದ್ಧಿಸಿಲ್ಲ. ಬಲೆ ಬೀಸುವುದನ್ನು ಸಡಿಲಿಸಿದರೆ ಸಂತತಿ ಮತ್ತೆ ಏರುವುದರಿಂದ, ಯಾರೋ ಕೆಲವು ಮೀನುಗಳನ್ನು ತಂದು ಬಿಟ್ಟುದರ ವೆಚ್ಚವನ್ನು ಉದ್ಯಾನ ಪ್ರತಿವರ್ಷವೂ ಭರಿಸಬೇಕಾಗಿದೆ.